ಸುಣ್ಣದವನ ಪಾಲು

ನೀತಿ ಸಂಹಿತೆ ಬಂತು ಅಂದರೆ ನನಗೆ ಸುಗ್ಗಿ.
ಮಂಡ್ಯದ ಅಷ್ಟೂ ಗೋಡೆ ನನ್ನವು, ಇಪ್ಪತ್ತೊಂದು ವರ್ಷದಿಂದ.
ಮುಗಿದ ಜಯಂತಿ, ಕಟ್ಟದ ಸೇತುವೆಗೆ ಅಭಿನಂದನೆ,
ಮೂಲವ್ಯಾಧಿಯ ಔಷಧಿ, ನಾಯಕರ ನಗು,
ಎಲ್ಲಕ್ಕೂ ಒಂದೇ ಬಿಳಿ, ಎರಡು ಕೋಟು.
ಹೆಸರು ಕರಿಸಿದ್ದ.
ನಗರಸಭೆಯಲ್ಲಿ ಇಷ್ಟು ವರ್ಷವೂ ಅದೊಂದೇ ತಮಾಷೆ.

ಸಕ್ಕರೆ ಕಾರ್ಖಾನೆ ದಾರಿಯಲ್ಲಿ ಮುಚ್ಚಿದ ಎಣ್ಣೆ ಮಿಲ್ಲು,
ಅದರ ಗೋಡೆಗೆ ಬೆಳಗಾಗುವುದರೊಳಗೆ ಯಾರೋ ಬರೆದಿದ್ದರು:
ಒಂದು ಗಾಣ, ಲಾರಿಯಷ್ಟು ದೊಡ್ಡದು.
ಆ ಬದಿಯಿಂದ ಜನ ಸಾಲಾಗಿ ಒಳಕ್ಕೆ,
ಚೀಟಿ ಹಿಡಿದು, ಚಪ್ಪಲಿ ಹೊರಗೆ ಬಿಟ್ಟು.
ಈ ಬದಿಯಿಂದ ಹಸಿರು ರಸ, ನೊರೆ ಸಮೇತ.
ಕೆಳಗೆ ಲೋಟ ಹಿಡಿದ ಒಂದು ಕೈ.
ಕೈಯ ಯಜಮಾನ ಗೋಡೆಯಿಂದಾಚೆ.

ಸಾಲಿನಲ್ಲಿ ನಾಲ್ಕನೆಯವಳು ನಮ್ಮ ದೊಡ್ಡವ್ವನೇ ಅಂತ
ನನ್ನ ಹೆಂಡತಿ ಆಣೆ ಇಟ್ಟಳು.

ಚುನಾವಣೆ ಬಂತು, ಅರ್ಜಿ ಬಂತು: ಕೈ ಅಂದರೆ ಚಿಹ್ನೆ, ಅಳಿಸಿ.
ಮರುದಿನ ಇನ್ನೊಂದು: ಕಬ್ಬು ಯಾರೋ ಪಕ್ಷೇತರನದು.
ಸಾಹೇಬರು ಜೀಪಿನಿಂದ ಇಳಿಯಲಿಲ್ಲ.
‘ಕೈ ಒಂದ್ನೇ ಮುಚ್ಚಲಾ ಸಿದ್ದ.
ಗಾಣಕ್ಕೆ ಹೋಯ್ತಿರೋದು ಜನ, ಕಬ್ಬಲ್ಲ, ಬುಡು.’

ಏಣಿ ಹಾಕಿದೆ. ನೆತ್ತಿ ಬಿಸಿಲು.
ಬೆರಳು ಬೆರಳಾಗಿ ಮುಚ್ಚಿದೆ, ಹೆಬ್ಬೆಟ್ಟು ಕೊನೆಗೆ.
ಉಗುರ ಸಂದಿಯಲ್ಲಿ ಕೆಸರು ಬರೆದಿತ್ತು,
ಕೂದಲೆಳೆಯಷ್ಟು,
ಮೂಗು ತಾಗುವಷ್ಟು ಹತ್ತಿರ ಹೋದವನಿಗೆ ಮಾತ್ರ ಕಾಣುವಂತೆ.
ಗದ್ದೆಗಿಳಿದ ಕೈ ಅದು.
ಕುಡಿಯುತ್ತಿದ್ದವನು ಯಾರು ಹಾಗಾದರೆ?
ಬ್ರಷ್ಷು ಅದ್ದಿದೆ. ಮುಚ್ಚಿದೆ.
ಲೋಟ ಗಾಳಿಯಲ್ಲಿ ನಿಂತಿತು.

ಆಮೇಲೆ ಸಿನಿಮಾದವರು.
ಹೀರೋ ಈ ಗೋಡೆ ಒಡೆದುಕೊಂಡು ಬರಬೇಕಂತೆ.
ಥರ್ಮಾಕೋಲಿನಲ್ಲಿ ಅಂಥದ್ದೇ ಗೋಡೆ ನಿಲ್ಲಿಸಿದರು,
ಬಿಳಿ ಕಲೆ ಹಾಕಲು ನನ್ನನ್ನೇ ಕರೆದು ಎಂಟುನೂರು ಕೊಟ್ಟರು.
ಏಳು ಟೇಕು. ಏಳು ಗೋಡೆ ಪುಡಿಯಾದವು,
ಅಸಲಿ ಗೋಡೆ ಎದುರಿಗೇ ನೋಡುತ್ತಿತ್ತು.
ಥಿಯೇಟರಿನಲ್ಲಿ ಶಿಳ್ಳೆ.
ಕಣ್ಣು ಮಿಟುಕಿಸಿದವನಿಗೆ ಗೋಡೆ ಕಾಣಲಿಲ್ಲ.

ಮರುವರ್ಷ ಅದೇ ಗಾಣ ಎರಡೂ ಪಕ್ಷದ ಫ್ಲೆಕ್ಸಿನಲ್ಲಿ,
ಲೋಟ ಹಿಡಿದವನಿಗೆ ಇವರು ಅವರ ಮುಖ, ಅವರು ಇವರ ಮುಖ ಅಂಟಿಸಿ.
ಸಾಲು ಮಾತ್ರ ಎರಡರಲ್ಲೂ ಅದೇ. ದೊಡ್ಡವ್ವ ನಾಲ್ಕನೆಯವಳು.

ರಸ್ತೆ ಅಗಲವಾಗುವ ಮುಂಚೆ ಮೈಸೂರಿನಿಂದ ಬಂದರು,
ಗೋಡೆಯನ್ನು ಹೋಳಿಗೆಯಂತೆ ಎತ್ತಿ, ಕಂಬಳಿ ಹೊದಿಸಿ,
ಹಂಪು ಬಂದಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ಒಯ್ದರು.
ನನ್ನಪ್ಪನನ್ನು ಕೆ.ಆರ್. ಆಸ್ಪತ್ರೆಗೆ
ಅಷ್ಟು ಜೋಪಾನವಾಗಿ ಸಾಗಿಸಿರಲಿಲ್ಲ.

ನೋಡಬೇಕೆನಿಸಿತು. ಒಗೆದ ಅಂಗಿ, ಬೆಳಗಿನ ರೈಲು.
ಯಾದವಗಿರಿಯ ಗ್ಯಾಲರಿಯಲ್ಲಿ ಎಲ್ಲ ಗೋಡೆಯೂ ಬಿಳಿ,
ರೋಲರಿನ ಕೆಲಸ, ಮೂಲೆ ಸರಿಯಾಗಿ ಹಿಡಿದಿಲ್ಲ.
ಕನ್ನಡಕದ ಒಬ್ಬರು ನಾಲ್ಕು ಜನಕ್ಕೆ ಹೇಳುತ್ತಿದ್ದರು:
‘ಈ ಬಿಳಿಯೇ ಕೃತಿಯ ಜೀವ. ಇದು ಅಧಿಕಾರದ ಮೌನ.’
ಬಗ್ಗಿ ನೋಡಿದೆ.
ನನ್ನ ಬ್ರಷ್ಷಿನ ಮೂರು ಕೂದಲು
ಆ ಮೌನಕ್ಕೆ ಇನ್ನೂ ಅಂಟಿಕೊಂಡಿದ್ದವು.

ಪಕ್ಕದ ಚೀಟಿಯಲ್ಲಿ: ಚೆಲುವಾಂಬ.
ಎನಾಮೆಲ್, ಗಾರೆ, ಸುಣ್ಣ.
ಸುಣ್ಣ ಅಂತ ಇತ್ತು. ಎರಡು ಸಲ ಓದಿದೆ.

ಸಣ್ಣ ಹುಡುಗಿ, ಹೆಬ್ಬೆರಳಿಗೆ ಪ್ಲಾಸ್ಟರು.
‘ನೀವೇನಾ? ಅವತ್ತು ಎದುರಿಗೆ
ಬೋರಲಿಂಗಣ್ಣನ ಟೀ ಅಂಗಡೀಲೇ ಇದ್ದೆ.
ನಿಮಗೆ ಶಾಪ ಹಾಕ್ತಾ ಎರಡು ಬನ್ನು ತಿಂದೆ.’
‘ಉಗುರಲ್ಲಿ ಕೆಸರಿತ್ತಲ್ಲವ್ವ,’ ಅಂದೆ.
ಅವಳ ನಗು ನಿಂತಿತು.
ಕನ್ನಡಕದವರ ಕಡೆ ಒಮ್ಮೆ ನೋಡಿ
ಮೆಲ್ಲಗೆ, ‘ಯಾರಿಗೂ ಹೇಳಬೇಡಿ,’ ಅಂದಳು.

ಹೇಳಲಿಲ್ಲ. ಹೆಂಡತಿಗೂ.

ರಾತ್ರಿ ಫೋನು: ಸಂಹಿತೆ ಜಾರಿ, ಬೆಳಿಗ್ಗೆ ಆರಕ್ಕೆ ಬಾ.
ಹಿತ್ತಲ ಡ್ರಮ್ಮಿಗೆ ಸುಣ್ಣದ ಕಲ್ಲು ಸುರಿದು ನೀರು ಬಿಟ್ಟೆ.
ಬೆಂಕಿಯಿಲ್ಲದೆ ಕುದಿಯತೊಡಗಿತು.
ದೀಪ ಆರಿಸಿ ಮಲಗಿದ ಮೇಲೂ
ಸಾಲಿನಲ್ಲಿ ನಿಂತವರು ತಂತಮ್ಮಲ್ಲೇ ಮಾತಾಡಿಕೊಂಡಂತೆ
ಗುಳುಗುಳು.